ಗುಡಿಸಲಿಗೆ ತೆರಿಗೆ ಹಾಕಿದವರು, ಗುಡಿಸಲನ್ನು ಮನೆ ಅನ್ನದವರು

ಸ್ವಲ್ಪ ಉದ್ದದ ಬರಹ. ಬಿಡುವು ಮಾಡಿಕೊಂಡು ಓದಿ.

1898ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಒಂದು ಯುದ್ಧ ನಡೀತು. ಚರಿತ್ರೆ ಪುಸ್ತಕದಲ್ಲಿ ಅದಕ್ಕೆ ಇರೋ ಹೆಸರೇ "ಗುಡಿಸಲು ತೆರಿಗೆ ಯುದ್ಧ". 1896ರಲ್ಲಿ ಬ್ರಿಟಿಷರು ಕರಾವಳಿಯ ಹಿಂದಿದ್ದ ಒಳನಾಡನ್ನೆಲ್ಲ ತಮ್ಮ ರಕ್ಷಣೆಯ ಪ್ರದೇಶ ಅಂತ ಘೋಷಿಸಿಕೊಂಡಿದ್ದರು. ರಕ್ಷಣೆ ಕೊಡಿ ಅಂತ ಒಳನಾಡಿನ ಜನರೇನೂ ಅರ್ಜಿ ಹಾಕಿರಲಿಲ್ಲ. ಆಮೇಲೆ ಆ ರಕ್ಷಣೆಗೆ ಖರ್ಚಾಗುತ್ತೆ, ಅದನ್ನ ನೀವೇ ಕೊಡಬೇಕು ಅಂದರು. ಗವರ್ನರ್ ಫ್ರೆಡರಿಕ್ ಕಾರ್ಡ್ಯೂ 1898ರ ಜನವರಿಯಿಂದ ಪ್ರತಿ ಮನೆಗೆ ಐದು ಶಿಲಿಂಗ್ ಕಟ್ಟಬೇಕು ಅಂತ ಹುಕುಂ ಮಾಡಿದ. ಬಾಯ್ ಬುರೆ ಅನ್ನೋ ನಾಯಕ ಕಟ್ಟಲ್ಲ ಅಂದ. ಪೊಲೀಸರು ಹಿಡಿಯೋಕೆ ಹೋದರು. ಕಾಡು, ಪೊದೆ, ಮರದ ದಿಮ್ಮಿ, ಕಲ್ಲಿನ ಅಡ್ಡಗಟ್ಟೆಗಳ ಮರೆಯಲ್ಲಿ ನಿಂತು ಅವನ ಜನ ತಿಂಗಳುಗಟ್ಟಲೆ ಬ್ರಿಟಿಷ್ ಪಡೆಯನ್ನ ತಡೆದರು. ಸೈನ್ಯ ಹೋದ ಕಡೆಯೆಲ್ಲ ಊರುಗಳನ್ನು ಸುಟ್ಟಿತು. ಹುಲ್ಲಿನ ಸೂರು, ಒಂದು ಕೊಳ್ಳಿ ಸಾಕಲ್ಲ. ನವೆಂಬರ್‌ನಲ್ಲಿ ಬಾಯ್ ಬುರೆ ಸಿಕ್ಕಿಬಿದ್ದ. ಅವನನ್ನ ಗೋಲ್ಡ್ ಕೋಸ್ಟ್‌ಗೆ, ಅಂದ್ರೆ ಈಗಿನ ಘಾನಾಕ್ಕೆ, ಗಡಿಪಾರು ಮಾಡಿದರು. 1905ರಲ್ಲಿ ವಾಪಸ್ ಬಂದು 1908ರಲ್ಲಿ ತೀರಿಕೊಂಡ.

ಯುದ್ಧ ಯಾಕೆ ಆಯ್ತು ಅಂತ ವಿಚಾರಣೆ ಮಾಡೋಕೆ ಲಂಡನ್ ಸರ್ಕಾರ ಡೇವಿಡ್ ಚಾಲ್ಮರ್ಸ್ ಅನ್ನೋರನ್ನ ಕಳಿಸಿತು. ಅವರು ಜನರನ್ನ ಕೂರಿಸಿಕೊಂಡು ಕೇಳಿದರು. ಜನರ ಉತ್ತರ ಬಲು ಸರಳವಾಗಿತ್ತು. ನಾನು ಕಟ್ಟಿದ ಮನೆಗೆ ನಾನೇ ವರ್ಷ ವರ್ಷ ದುಡ್ಡು ಕೊಡಬೇಕು ಅಂದ್ರೆ ಅದು ಬಾಡಿಗೆ. ಬಾಡಿಗೆ ಕೊಡೋನು ಮನೆ ಒಡೆಯ ಅಲ್ಲ. ಹಾಗಾದ್ರೆ ನನ್ನ ಮನೆ ಇವತ್ತಿಂದ ನನ್ನದಲ್ಲ. ತೆರಿಗೆ ತೆಗೆದುಹಾಕಿ ಅಂತ ಚಾಲ್ಮರ್ಸ್ ವರದಿ ಕೊಟ್ಟರು. ಲಂಡನ್ನಿನ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ವರದಿ ಪಕ್ಕಕ್ಕಿಟ್ಟು ಗವರ್ನರ್ ಮಾತನ್ನೇ ಎತ್ತಿಹಿಡಿದ. ತೆರಿಗೆ ಮುಂದುವರೀತು. ವರದಿ ತರಿಸೋದು, ಬೀರುವಲ್ಲಿ ಇಡೋದು ಆವತ್ತಿಂದ್ಲೂ ಇದೆ ಅನ್ನಿ.

ನಾನೊಬ್ಬ ಕಚೇರಿ ಗುಮಾಸ್ತ. ಅರ್ಜಿ ನಮೂನೆಗಳ ನಡುವೆಯೇ ನನ್ನ ಹೊತ್ತು ಹೋಗುತ್ತೆ. ಮನೆಯ ವಿಧ ಅಂತ ಒಂದು ಕಾಲಂ ಇರುತ್ತಲ್ಲ, ಪಕ್ಕಾ, ಅರೆ ಪಕ್ಕಾ, ಕಚ್ಚಾ. ಮಣ್ಣು, ಹುಲ್ಲು, ಗರಿ, ಬಿದಿರು ಇದ್ದರೆ ಕಚ್ಚಾ. ಕಚ್ಚಾ ಅಂದ್ರೆ ಹಸಿ, ಇನ್ನೂ ಬಲಿಯದ್ದು, ಪೂರ್ತಿ ಆಗದ್ದು. ಒಂದು ಮನೆಯಲ್ಲಿ ಮೂರು ತಲೆಮಾರು ಹುಟ್ಟಿ ಬಾಳಿ ಸತ್ತಿರಬಹುದು, ಕಾಗದದ ಮೇಲೆ ಅದು ಇನ್ನೂ ಪೂರ್ತಿ ಆಗದ ಮನೆ. ಈ ಕಾಲಂ ನೋಡಿ ನೋಡಿ ನನಗೆ ಗುಡಿಸಲಿನ ಚರಿತ್ರೆ ಓದೋ ಹುಚ್ಚು ಹತ್ತಿತು. ಓದ್ತಾ ಹೋದಾಗ ದಾರಿ ನನ್ನನ್ನ ಆಫ್ರಿಕಾಕ್ಕೆ ಕರ್ಕೊಂಡು ಹೋಯ್ತು. ಯಾಕಂದ್ರೆ ಗುಡಿಸಲು ಅನ್ನೋ ಪದವನ್ನ ಇಡೀ ಒಂದು ಖಂಡದ ಮೇಲೆ ಬೈಗುಳದ ಹಾಗೆ ಅಂಟಿಸಿದ್ದು ಅಲ್ಲೇ.

ತೆರಿಗೆ ವಿಷಯ ಮುಗಿಸಿಬಿಡ್ತೀನಿ. ಸಿಯೆರಾ ಲಿಯೋನ್‌ಗಿಂತ ಐವತ್ತು ವರ್ಷ ಮೊದಲೇ, 1849ರಲ್ಲಿ, ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಗುಡಿಸಲಿಗೆ ಏಳು ಶಿಲಿಂಗ್ ತೆರಿಗೆ ಬಂದಿತ್ತು. 1875ರಲ್ಲಿ ಅದು ಹದಿನಾಲ್ಕಾಯ್ತು. ಜುಲು ಜನರ ವಠಾರದಲ್ಲಿ ಒಬ್ಬೊಬ್ಬ ಹೆಂಡತಿಗೂ ಅವಳದೇ ಒಂದು ಗುಡಿಸಲು, ಅವಳದೇ ಒಲೆ. ಹಾಗಾಗಿ ಗುಡಿಸಲು ಎಣಿಸಿದರೆ ಹೆಂಗಸರನ್ನ ಎಣಿಸಿದ ಹಾಗೆ, ದುಡಿಯೋ ಕೈ ಎಣಿಸಿದ ಹಾಗೆ. ತೆರಿಗೆ ಧಾನ್ಯದಲ್ಲಿ ಬೇಡ, ನಗದು ಬೇಕು ಅನ್ನೋ ಒತ್ತಾಯ ಬರ್ತಾ ಬರ್ತಾ ಜಾಸ್ತಿ ಆಯ್ತು. ಹೊಲ, ದನ ಇರೋನ ಹತ್ತಿರ ನಗದು ಎಲ್ಲಿಂದ ಬರ್ಬೇಕು? ಬಿಳಿಯರ ತೋಟಕ್ಕೆ ಹೋಗಬೇಕು, ಗಣಿಗೆ ಇಳೀಬೇಕು. ಉದ್ದೇಶವೂ ಅದೇ. ಕೂಲಿಗೆ ಬರದ ಜನರನ್ನ ಮನೆಯಿಂದ ಹೊರಗೆಳೆಯೋಕೆ ಮನೆ ಮೇಲೇ ತೆರಿಗೆ ಹಾಕಿದರು. ಎಷ್ಟೋ ಕಡೆ ಜನ ತೆರಿಗೆ ಉಳಿಸೋಕೆ ಒಂದೇ ಗುಡಿಸಲಲ್ಲಿ ಹೆಚ್ಚು ಜನ ತುಂಬಿಕೊಂಡು ಮಲಗಿದರು. ಆಮೇಲೆ ಅದೇ ಅಧಿಕಾರಿಗಳು ನೋಡಿ, ಇವರು ಎಷ್ಟು ಇಕ್ಕಟ್ಟಲ್ಲಿ, ಕೊಳಕಲ್ಲಿ ಬದುಕ್ತಾರೆ ಅಂತ ಬರೆದುಕೊಂಡರು!

ಕೀನ್ಯಾಕ್ಕೆ ಈ ತೆರಿಗೆ 1901ರಲ್ಲಿ ಬಂತು. ಅಲ್ಲಿ ಅದನ್ನ ಯಾವ ನಾಣ್ಯದಲ್ಲಿ ಎಣಿಸಿದರು ಗೊತ್ತಾ? ನಮ್ಮ ರೂಪಾಯಿಯಲ್ಲಿ. 1920ರವರೆಗೂ ಬ್ರಿಟಿಷ್ ಪೂರ್ವ ಆಫ್ರಿಕಾದಲ್ಲಿ ರೂಪಾಯಿಯೇ ಚಲಾವಣೆ. ನಟಾಲ್‌ನಲ್ಲಿ ಗುಡಿಸಲು ತೆರಿಗೆ ಸಾಲದು ಅಂತ 1905ರಲ್ಲಿ ತಲೆಗೆ ಒಂದು ಪೌಂಡ್ ತೆರಿಗೆ ತಂದರು. 1906ರಲ್ಲಿ ಬಂಬಾಥಾ ಅನ್ನೋ ನಾಯಕ ಬಂಡೆದ್ದ. ಮೂರು ಸಾವಿರಕ್ಕೂ ಹೆಚ್ಚು ಜುಲು ಜನ ಸತ್ತರು. ಆಗ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿ ಬ್ರಿಟಿಷ್ ಸೈನ್ಯದ ಜೊತೆ ಗಾಯಾಳುಗಳನ್ನ ಹೊರೋಕೆ ಭಾರತೀಯರ ಒಂದು ಚಿಕ್ಕ ದಳ ಕಟ್ಟಿಕೊಂಡು ಹೋಗಿದ್ದರು. ಬಿಳಿಯರು ಮುಟ್ಟೋಕೆ ಒಪ್ಪದ ಜುಲು ಗಾಯಾಳುಗಳ ಆರೈಕೆ ಆ ದಳದ ಪಾಲಿಗೆ ಬಂತು. ಎರಡನ್ನೂ ಹೇಳಬೇಕು, ಹೇಳಿದೀನಿ.

ಈಗ ಆ ಗುಡಿಸಲು ಅಂದ್ರೆ ಏನು ಅಂತ ಒಳಗೆ ಹೋಗಿ ನೋಡೋಣ.

ಮೊದಲು ಅದು ಯಾಕೆ ದುಂಡಗೆ ಅಂತ. ದಡ್ಡತನಕ್ಕಲ್ಲ. ಒಂದೇ ಉದ್ದದ ಗೋಡೆಯನ್ನ ಚೌಕವಾಗಿ ನಿಲ್ಲಿಸಿ ನೋಡಿ, ದುಂಡಗೆ ನಿಲ್ಲಿಸಿ ನೋಡಿ. ದುಂಡಗಿನದರಲ್ಲಿ ಸುಮಾರು ಶೇಕಡಾ 27ರಷ್ಟು ಹೆಚ್ಚು ಜಾಗ ಸಿಗುತ್ತೆ. ಇದು ಹೈಸ್ಕೂಲ್ ಗಣಿತ. ಕಡಿಮೆ ಮಣ್ಣು, ಕಡಿಮೆ ದುಡಿಮೆ, ಹೆಚ್ಚು ಜಾಗ. ಗಾಳಿ ಬೀಸಿದರೆ ಹಿಡಿಯೋಕೆ ಮೂಲೆ ಇಲ್ಲ, ಸುತ್ತ ಜಾರಿಹೋಗುತ್ತೆ. ಮೇಲಿನ ಶಂಕುವಿನಾಕಾರದ ಹುಲ್ಲು ಸೂರಿನ ಮೇಲೆ ನೀರು ನಿಲ್ಲಲ್ಲ. ಜುಲು ಜನ ಎಳೆ ಮರದ ಕೋಲುಗಳನ್ನ ಬಗ್ಗಿಸಿ ನೆಲಕ್ಕೆ ಊರಿ, ಮೇಲೆ ಹೆಣೆದು, ಹುಲ್ಲು ಹೊದಿಸಿ ಜೇನುಗೂಡಿನ ಆಕಾರದ ಮನೆ ಕಟ್ಟುತ್ತಿದ್ದರು. ನೆಲಕ್ಕೆ ಏನು ಹಾಕ್ತಿದ್ದರು? ಹುತ್ತದ ಮಣ್ಣು. ಅದನ್ನ ಬಡಿದು ಗಟ್ಟಿ ಮಾಡಿ ಸಗಣಿ ಸಾರಿಸಿ ಮಿರಿಮಿರಿ ಮಿಂಚೋ ಹಾಗೆ ತಿಕ್ಕುತ್ತಿದ್ದರು. ಇದನ್ನ ಓದಿದಾಗ ನನ್ನ ಅವ್ವನ ಕೈ ನೆನಪಾಯ್ತು. ಸಮುದ್ರದಾಚೆಯ ಹೆಂಗಸಿಗೂ ನಮ್ಮವ್ವನಿಗೂ ಒಬ್ಬರಿಗೊಬ್ಬರು ಹೇಳಿಕೊಟ್ಟಿಲ್ಲ. ಕೈಗೆ ಸಿಕ್ಕಿದ ಮಣ್ಣು, ಕೊಟ್ಟಿಗೆಯ ದನ, ಕಾಲಡಿಯ ಧೂಳು. ಒಂದೇ ಲೆಕ್ಕಕ್ಕೆ ಒಂದೇ ಉತ್ತರ ಬಂದಿದೆ ಅಷ್ಟೆ.

ಕ್ಯಾಮರೂನ್ ದೇಶದ ಉತ್ತರದ ತುದಿಯಲ್ಲಿ ಮುಸ್ಗುಮ್ ಅನ್ನೋ ಜನ ಇದ್ದಾರೆ. ಅವರ ಮನೆಗೆ ಗೋಡೆ ಬೇರೆ, ಸೂರು ಬೇರೆ ಅಂತ ಇಲ್ಲ. ನೆಲದಿಂದ ಶಿಖರದವರೆಗೂ ಮಣ್ಣೇ, ಸುಮಾರು ಇಪ್ಪತ್ತೈದು ಮೂವತ್ತು ಅಡಿ ಎತ್ತರ. ಬುಡದಲ್ಲಿ ದಪ್ಪ, ಮೇಲೆ ಹೋಗ್ತಾ ತೆಳು. ಒಂದು ಸರಪಳಿಯ ಎರಡೂ ತುದಿ ಹಿಡಿದು ಕೆಳಕ್ಕೆ ಜೋಲಾಡಿಸಿ, ಆ ಬಳುಕನ್ನ ತಲೆಕೆಳಗು ಮಾಡಿದರೆ ಯಾವ ಆಕಾರ ಬರುತ್ತೋ ಹೆಚ್ಚುಕಡಿಮೆ ಅದೇ ಆಕಾರ. ಕಡಿಮೆ ಸಾಮಾನಿನಲ್ಲಿ ತನ್ನ ಭಾರ ತಾನೇ ಹೊರೋಕೆ ಇದಕ್ಕಿಂತ ಒಳ್ಳೆ ಆಕಾರ ಇಲ್ಲ ಅಂತ ಇವತ್ತಿನ ಎಂಜಿನಿಯರುಗಳೂ ಹೇಳ್ತಾರೆ. ಹೊರಗೋಡೆ ಮೇಲೆ ಸಾಲು ಸಾಲು ಉಬ್ಬು ಇರುತ್ತೆ. ನೋಡೋಕೆ ಅಲಂಕಾರ. ಆದರೆ ಮಳೆ ನೀರು ಅದರ ಮೇಲೆ ಒಡೆದು ವೇಗ ಕಳ್ಕೊಂಡು ಇಳಿಯುತ್ತೆ. ಕಟ್ಟುವಾಗ, ಆಮೇಲೆ ರಿಪೇರಿಗೆ ಹತ್ತುವಾಗ ಅದೇ ಉಬ್ಬು ಮೆಟ್ಟಿಲು. ಏಣಿ ಬೇಡ, ಅಟ್ಟಣೆ ಬೇಡ. ಫ್ರೆಂಚ್ ಲೇಖಕ ಆಂದ್ರೆ ಜೀದ್ 1920ರ ದಶಕದಲ್ಲಿ ಅಲ್ಲಿಗೆ ಹೋಗಿ ಈ ಮನೆಗಳನ್ನ ಕಂಡು ಬೆರಗಾಗಿ ಬರೆದಿದ್ದಾನೆ. ಮುಂದೆ ನೊಬೆಲ್ ಬಹುಮಾನ ಪಡೆದ ಮನುಷ್ಯ ಅವನು. 

ಬುರ್ಕಿನಾ ಫಾಸೋ ದೇಶದ ಟಿಯೆಬೆಲೆ ಊರಿನಲ್ಲಿ ಕಸ್ಸೇನಾ ಜನರ ಮನೆಗಳಿವೆ. ಬಾಗಿಲು ಮಂಡಿಯೂರಿ ತೆವಳಿ ಹೋಗುವಷ್ಟು ಚಿಕ್ಕದು. ಒಳಗೆ ಕಾಲಿಟ್ಟ ಕೂಡಲೇ ಒಂದು ಮೋಟು ಗೋಡೆ. ಶತ್ರು ತೆವಳಿಕೊಂಡು ಬಂದು ತಲೆ ಎತ್ತುವ ಹೊತ್ತಿಗೆ ಒಳಗಿದ್ದವನು ಒನಕೆ ಎತ್ತಿರ್ತಾನೆ. ಗಂಡಸರು ಗೋಡೆ ಎಬ್ಬಿಸಿದ ಮೇಲೆ ಹೆಂಗಸರ ಕೆಲಸ ಶುರು. ಕೆಮ್ಮಣ್ಣು, ಬಿಳಿ ಸುಣ್ಣದಂಥ ಮಣ್ಣು, ಕಪ್ಪು ಕಲ್ಲಿನ ಪುಡಿ, ಇಷ್ಟೇ ಬಣ್ಣ. ಇವುಗಳಿಂದ ಗೋಡೆ ತುಂಬ ಚಿತ್ತಾರ. ಕೊನೆಗೆ ನೆರೆ ಅನ್ನೋ ಮರದ ಕಾಯಿಯ ಸಿಪ್ಪೆ ಕುದಿಸಿ ತೆಗೆದ ಕಷಾಯ ಬಳೀತಾರೆ. ಅದು ವಾರ್ನಿಷ್. ಅಜ್ಜಿಯರಿಂದ ಮೊಮ್ಮಕ್ಕಳಿಗೆ ಬಂದ ವಿದ್ಯೆ ಇದು, ಯಾವ ಕಾಲೇಜಿನಲ್ಲೂ ಕಲಿಸಿದ್ದಲ್ಲ. 2024ರಲ್ಲಿ ಯುನೆಸ್ಕೋ ಟಿಯೆಬೆಲೆಯ ಅರಮನೆ ಆವರಣವನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದಕ್ಕಿಂತ ಇಪ್ಪತ್ತು ವರ್ಷ ಮುಂಚೆ, 2004ರಲ್ಲಿ, ಟೋಗೋ ದೇಶದ ಕೂಟಮ್ಮಾಕು ಸೇರಿತ್ತು. ಅಲ್ಲಿರೋದು ಬತಮ್ಮಾರಿಬಾ ಜನ. ಎರಡಂತಸ್ತಿನ ಮಣ್ಣಿನ ಗೋಪುರದ ಮನೆ ಅವರದು. ಕೆಳಗೆ ದನ, ಮೇಲೆ ಮಲಗೋ ಜಾಗ, ತುದಿಯಲ್ಲಿ ಕಣಜ. ಬತಮ್ಮಾರಿಬಾ ಅನ್ನೋ ಹೆಸರಿನ ಅರ್ಥವೇ ಮಣ್ಣಿನಲ್ಲಿ ಕಟ್ಟಬಲ್ಲವರು ಅಂತ. ಒಂದು ಸಮುದಾಯ ತನ್ನನ್ನ ತಾನು ಮಣ್ಣಿನ ಕೆಲಸದ ಹೆಸರಲ್ಲಿ ಹೆಮ್ಮೆಯಿಂದ ಕರ್ಕೊಳ್ಳುತ್ತೆ! ನಮ್ಮಲ್ಲಿ ಮಣ್ಣು ಒಡ್ಡೋರ, ಮಡಕೆ ಮಾಡೋರ, ಚರ್ಮ ಹದ ಮಾಡೋರ ಕೆಲಸದ ಹೆಸರುಗಳನ್ನ ಏನು ಮಾಡಿದ್ದಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾಲಿ ದೇಶದ ಜೆನ್ನೆ. ಅಲ್ಲಿನ ದೊಡ್ಡ ಮಸೀದಿ ಜಗತ್ತಿನ ಅತಿ ದೊಡ್ಡ ಮಣ್ಣಿನ ಇಟ್ಟಿಗೆಯ ಕಟ್ಟಡ. 13ನೇ ಶತಮಾನದಿಂದ ಆ ಜಾಗದಲ್ಲಿ ಮಸೀದಿ ಇತ್ತು ಅಂತಾರೆ, ಈಗಿರೋದು 1907ರಲ್ಲಿ ಮುಗಿದಿದ್ದು. ಗೋಡೆಯಿಂದ ತಾಳೆ ಜಾತಿಯ ಮರದ ತೊಲೆಗಳು ಮುಳ್ಳಿನ ಹಾಗೆ ಹೊರಚಾಚಿವೆ, ಅವೇ ಶಾಶ್ವತ ಅಟ್ಟಣೆ. ವರ್ಷಕ್ಕೊಮ್ಮೆ ಇಡೀ ಊರು ಸೇರಿ ಗೋಡೆಗೆ ಹೊಸ ಮಣ್ಣು ಮೆತ್ತುತ್ತೆ. ಬಾನಿ ನದಿಯ ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ವಾರಗಟ್ಟಲೆ ಕೊಳೆಸಿ ಹದ ಮಾಡಿರ್ತಾರೆ. ಹೆಂಗಸರು, ಹುಡುಗಿಯರು ನೀರು ತರ್ತಾರೆ. ಹುಡುಗರು ಮಣ್ಣಿನ ಬುಟ್ಟಿ ಹೊತ್ತು ಓಡ್ತಾರೆ. ಬರೆ ಟೋನ್ ಅನ್ನೋ ಗಾರೆಯವರ ಸಂಘದ ಮೇಸ್ತ್ರಿಗಳು ತೊಲೆಗಳ ಮೇಲೆ ನಿಂತು ಕೈಯಲ್ಲೇ ಮೆತ್ತುತ್ತಾರೆ. ಊರಿನ ಹಿರಿಯರು ಕೂತು ನೋಡ್ತಾರೆ. ಮೇಸ್ತ್ರಿ ಅಲ್ಲಿ ದೊಡ್ಡ ಮನುಷ್ಯ. ಕಟ್ಟಿದವನು ಕಟ್ಟಿದ ಮೇಲೆ ಹೊರಗೆ ನಿಲ್ಲೋದಿಲ್ಲ, ಒಳಗೆ ಹೋಗಿ ಎಲ್ಲರ ಜೊತೆ ಸಾಲಲ್ಲಿ ನಿಲ್ತಾನೆ. ನಮ್ಮ ದೇಶದಲ್ಲಿ ಗುಡಿಯ ಕಲ್ಲು ಹೊತ್ತವರ ಮಕ್ಕಳು ಗುಡಿಯೊಳಗೆ ಹೋಗೋಕೆ ಕೋರ್ಟು, ಸತ್ಯಾಗ್ರಹ, ಪೊಲೀಸ್ ಬಂದೋಬಸ್ತು ಬೇಕಾಯ್ತು. 1930ರಲ್ಲಿ ನಾಸಿಕ್‌ನ ಕಾಳಾರಾಮ ಮಂದಿರದ ಮುಂದೆ ಬಾಬಾಸಾಹೇಬರು ಶುರು ಮಾಡಿದ ಸತ್ಯಾಗ್ರಹ ವರ್ಷಗಟ್ಟಲೆ ನಡೆದರೂ ಬಾಗಿಲು ತೆಗೀಲಿಲ್ಲ.

ಇಷ್ಟೆಲ್ಲ ಇದ್ದರೂ ಆಫ್ರಿಕಾದವರಿಗೆ ಕಟ್ಟೋಕೆ ಬರಲ್ಲ ಅನ್ನೋ ಮಾತು ಹೇಗೆ ಉಳೀತು? ಅದಕ್ಕೆ ಗ್ರೇಟ್ ಜಿಂಬಾಬ್ವೆ ಕತೆ ಹೇಳ್ಲೇಬೇಕು.

ಸುಮಾರು 11ರಿಂದ 15ನೇ ಶತಮಾನದ ನಡುವೆ ಬೆಳೆದ ಕಲ್ಲಿನ ಊರು ಅದು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಎಬ್ಬಿಸಿದ ಗೋಡೆ, ಕೆಲವು ಕಡೆ 11 ಮೀಟರ್ ಎತ್ತರ. ದೊಡ್ಡ ಆವರಣದ ಸುತ್ತಳತೆ ಸುಮಾರು 250 ಮೀಟರ್. ಕಟ್ಟಿದವರು ಇವತ್ತಿನ ಶೋನಾ ಜನರ ಪೂರ್ವಜರು. 1871ರಲ್ಲಿ ಕಾರ್ಲ್ ಮೌಖ್ ಅನ್ನೋ ಜರ್ಮನ್ ಅಲ್ಲಿಗೆ ಬಂದ. ನೋಡಿದವನೇ, ಇದು ಬೈಬಲ್‌ನಲ್ಲಿ ಬರೋ ಶೀಬಾ ರಾಣಿಗೆ ಸೇರಿದ್ದು ಅಂತ ತೀರ್ಮಾನ ಮಾಡಿದ. ಆಮೇಲೆ ಬಂದವರು ಫಿನಿಷಿಯನ್ನರು ಕಟ್ಟಿದ್ದು ಅಂದರು, ಅರಬರು ಅಂದರು. ಪಕ್ಕದಲ್ಲೇ ಬದುಕ್ತಿದ್ದ ಕಪ್ಪು ಜನರನ್ನ ಬಿಟ್ಟು ಎಲ್ಲರ ಹೆಸರೂ ಹೇಳಿದರು. 1902ರಿಂದ 1904ರವರೆಗೆ ರಿಚರ್ಡ್ ಹಾಲ್ ಅನ್ನೋನು ಅಲ್ಲಿನ ಉಸ್ತುವಾರಿ. ಅವನು "ಸ್ವಚ್ಛತೆ" ಕೆಲಸ ಶುರು ಮಾಡಿದ. ಕಲ್ಲಿನ ಆವರಣದ ಒಳಗೆ ಮಣ್ಣಿನ ಮನೆಗಳ ಅವಶೇಷ ಇತ್ತು. ಗಟ್ಟಿ ಮಣ್ಣಿನ ನೆಲ, ಗೋಡೆಯ ಬುಡ, ಮಡಕೆ ಚೂರು. ಇದೆಲ್ಲ ಕಪ್ಪು ಜನ ಆಮೇಲೆ ಬಂದು ಸೇರಿಕೊಂಡು ಮಾಡಿದ ಗಲೀಜು, ಇದರ ಕೆಳಗೆ ನಿಜವಾದ ನಾಗರಿಕತೆ ಇದೆ ಅಂತ ಅಡಿಗಟ್ಟಲೆ ಮಣ್ಣು ತೆಗೆಸಿ ಹೊರಗೆ ಹಾಕಿಸಿದ.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಅವನು ಕಸ ಅಂತ ಎಸೆದದ್ದೇ ಸಾಕ್ಷಿ. ಕಲ್ಲಿನ ಗೋಡೆ ಬಾಯಿ ಬಿಡಲ್ಲ, ಯಾರು ಕಟ್ಟಿದ್ದು ಅಂತ ಹೇಳಲ್ಲ. ಆ ಗೋಡೆಯೊಳಗೆ ಯಾರು ಅಡುಗೆ ಮಾಡಿದರು, ಯಾರು ಮಲಗಿದರು ಅಂತ ಹೇಳೋದು ಮಣ್ಣಿನ ಮನೆ. 1905ರಲ್ಲಿ ಡೇವಿಡ್ ರಾಂಡಲ್ ಮ್ಯಾಕೈವರ್ ಅನ್ನೋ ಪುರಾತತ್ವಜ್ಞ ಬಂದು ಉಳಿದ ಜಾಗ ಅಗೆದು ನೋಡಿದ. ಒಳಗಿನ ಮಣ್ಣಿನ ಮನೆಗಳು ಹೊರಗಿನ ಕಲ್ಲಿನ ಗೋಡೆಯಷ್ಟೇ ಹಳೆಯವು, ಅವು ಆಫ್ರಿಕನ್ನರ ಮನೆಗಳೇ, ಆದ್ದರಿಂದ ಕಟ್ಟಿದವರೂ ಅವರೇ ಅಂದ. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅನ್ನೋ ಮಹಿಳೆ ಮತ್ತೆ ಅಗೆದು ಅದೇ ಮಾತು ಖಚಿತ ಮಾಡಿದರು. ಆದರೂ ರೊಡೇಷಿಯಾದ ಬಿಳಿಯರ ಸರ್ಕಾರ 1970ರ ದಶಕದಲ್ಲೂ ಈ ಸತ್ಯವನ್ನ ಪುಸ್ತಕಗಳಲ್ಲಿ ನೇರವಾಗಿ ಬರೆಯೋಕೆ ಬಿಡಲಿಲ್ಲ. ಇವರ ಪೂರ್ವಜರು ಇದನ್ನ ಕಟ್ಟಿದ್ದರು ಅಂತ ಒಪ್ಪಿದರೆ ಇವರಿಗೆ ಆಳೋಕೆ ಬರಲ್ಲ ಅಂತ ಹೇಗೆ ಹೇಳೋದು? 1980ರಲ್ಲಿ ಸ್ವಾತಂತ್ರ್ಯ ಬಂದಾಗ ಆ ಜನ ದೇಶಕ್ಕೇ ಆ ಕಲ್ಲುಮನೆಯ ಹೆಸರಿಟ್ಟರು. ಜಿಂಬಾಬ್ವೆ.

ಈಗ ನಮ್ಮ ಕಡೆ ಬರ್ತೀನಿ. ಆಫ್ರಿಕಾದ ಗುಡಿಸಲೂ ನಮ್ಮ ಕೇರಿಯ ಗುಡಿಸಲೂ ಒಂದೇ ಅಂತ ಸುಮ್ಮನೆ ಹೇಳಿಬಿಡೋದು ಸುಲಭ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನ ಮುಚ್ಚಿಡಬಾರದು.

ಮುಸ್ಗುಮ್, ಕಸ್ಸೇನಾ, ಬತಮ್ಮಾರಿಬಾ ಜನರ ಮನೆಯ ಆಕಾರ ಅವರೇ ಆರಿಸಿಕೊಂಡದ್ದು. ಊರ ಮುಖ್ಯಸ್ಥನ ಮನೆಯೂ ಅದೇ ಮಣ್ಣು. ನಮ್ಮಲ್ಲಿ ಹಾಗಲ್ಲ. ಹಳ್ಳಿಗಳಲ್ಲಿ ಅಸ್ಪೃಶ್ಯರ ಮೇಲಿದ್ದ ಕಟ್ಟುಪಾಡುಗಳನ್ನ ಬಾಬಾಸಾಹೇಬರು ಒಂದು ಕಡೆ ಪಟ್ಟಿ ಮಾಡಿದ್ದಾರೆ. ಊರ ಹೊರಗೆ ಇರಬೇಕು, ಅದೂ ದಕ್ಷಿಣ ದಿಕ್ಕಿಗೆ. ಒಳ್ಳೆ ಬಟ್ಟೆ, ಚಪ್ಪಲಿ, ಒಡವೆ ಹಾಕಿದರೆ ತಪ್ಪು. ಅದೇ ಪಟ್ಟಿಯಲ್ಲಿದೆ, ಮನೆಗೆ ಹೆಂಚು ಹೊದಿಸಿದರೆ ಅದೂ ತಪ್ಪು. ಅಂದ್ರೆ ನಮ್ಮ ಹಿರಿಯರ ತಲೆ ಮೇಲಿದ್ದ ಹುಲ್ಲು ಬರೀ ಬಡತನದ ಹುಲ್ಲಲ್ಲ, ಕಟ್ಟಳೆಯ ಹುಲ್ಲು. ದುಡ್ಡು ಇದ್ದರೂ ಹೆಂಚು ಹಾಕೋ ಹಾಗಿರಲಿಲ್ಲ. ಊರ ಹೆಂಚು ಸುಡೋಕೆ ಮಣ್ಣು ತುಳಿದವರು, ಊರವರ ಮನೆ ಗೋಡೆಗೆ ಮಣ್ಣು ಹೊತ್ತವರು, ತಮ್ಮ ಮನೆಗೆ ಹುಲ್ಲು ಹೊದಿಸಬೇಕಿತ್ತು.

ಇನ್ನೊಂದು ವಿಷಯ ಬೆಂಕಿ. ಹುಲ್ಲಿನ ಸೂರು ಮಳೆ ತಡೆಯುತ್ತೆ, ಬಿಸಿಲು ತಡೆಯುತ್ತೆ. ಜಾತಿಯನ್ನ ತಡೆಯಲ್ಲ. 1968ರ ಡಿಸೆಂಬರ್ 25ರ ರಾತ್ರಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಸಿ ಅಂತ ಕೇಳಿದ ದಲಿತ ಕೂಲಿಕಾರರ ಮೇಲೆ ಜಮೀನ್ದಾರರ ಕಡೆಯವರು ಬಿದ್ದರು. ಹೆದರಿ ಒಂದು ಗುಡಿಸಲಲ್ಲಿ ಅಡಗಿದ್ದ ಹೆಂಗಸರು ಮಕ್ಕಳು ಸೇರಿ 44 ಜನ ಸುಟ್ಟು ಬೂದಿಯಾದರು. ಆದ್ದರಿಂದ ಕೇರಿಯ ಹುಡುಗ ಮೊದಲ ಸಂಬಳದಲ್ಲಿ ಸಿಮೆಂಟು ತಂದರೆ, ಆರ್‌ಸಿಸಿ ಹಾಕಿಸಿದರೆ, ಅದರ ಮೇಲೆ ನೀಲಿ ಬಣ್ಣ ಬಳಿಸಿದರೆ ಯಾರೂ ಮೂಗು ಮುರೀಬೇಡಿ. ಅವನು ಬರೀ ಸೂರು ಹಾಕ್ತಿಲ್ಲ. ಒಂದು ಕಟ್ಟಳೆ ಮುರೀತಿದ್ದಾನೆ, ಒಂದು ಭಯ ಕಳೀತಿದ್ದಾನೆ.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಈಗ ಮಣ್ಣಿನ ಮನೆ ಫ್ಯಾಷನ್ ಆಗಿದೆ. ರೆಸಾರ್ಟಿನಲ್ಲಿ ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು ಮಣ್ಣಿನ ಗೋಡೆಯ ರೂಮಲ್ಲಿ ಮಲಗಿ ಬಂದವರು ನಮಗೆ ಪಾಠ ಹೇಳ್ತಾರೆ: ನಿಮ್ಮ ಹಿರಿಯರ ಮನೆ ಎಷ್ಟು ತಂಪು, ನೀವ್ಯಾಕೆ ಸಿಮೆಂಟಿಗೆ ಬಿದ್ರಿ ಅಂತ. ತಂಪು ನಿಜ. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನ ಕುಡಿದು ಇಟ್ಕೊಂಡು ರಾತ್ರಿ ನಿಧಾನಕ್ಕೆ ಬಿಡುತ್ತೆ. ತಗಡು ಮಧ್ಯಾಹ್ನ ಕಾವಲಿ ಆಗುತ್ತೆ. ಆದರೆ ಮಳೆಗಾಲಕ್ಕೆ ಮುಂಚೆ ಗೋಡೆ ಮೆತ್ತೋದು, ಹುಲ್ಲು ಕೊಯ್ದು ತಂದು ಸೂರು ಬದಲಾಯಿಸೋದು, ವಾರ ವಾರ ಸಾರಿಸೋದು ಯಾರು? ನಮ್ಮವ್ವನ ಬೆನ್ನು. ಆ ತಂಪಿನ ಲೆಕ್ಕದಲ್ಲಿ ಅವಳ ಬೆನ್ನು ನೋವನ್ನ ಸೇರಿಸಿಲ್ಲ.

ಆಫ್ರಿಕಾದವರೂ ಇದೇ ಮಾತು ಕೇಳಿದ್ದಾರೆ. 1988ರಲ್ಲಿ ಜೆನ್ನೆ ಊರು ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹಳೆ ರೂಪ ಬದಲಾಯಿಸಬಾರದು ಅನ್ನೋ ನಿಯಮ ಬಂತು. ನೆಲಕ್ಕೆ ಟೈಲ್ಸ್ ಹಾಕಿಸಬೇಕು, ಸ್ನಾನಕ್ಕೆ ಅನುಕೂಲ ಮಾಡ್ಕೋಬೇಕು ಅಂದ್ರೆ ಬಿಡ್ತಿಲ್ಲ, ನಾವೇನು ಮ್ಯೂಸಿಯಮ್ಮಿನ ಬೊಂಬೆಗಳಾ ಅಂತ ಅಲ್ಲಿನ ಮನೆಯವರು ಸಿಟ್ಟಾದರು. ಈಜಿಪ್ಟ್‌ನಲ್ಲಿ ಹಸನ್ ಫತಹಿ ಅನ್ನೋ ದೊಡ್ಡ ವಾಸ್ತುಶಿಲ್ಪಿ 1940ರ ದಶಕದಲ್ಲಿ ಬಡವರಿಗಾಗಿ ಮಣ್ಣಿನ ಇಟ್ಟಿಗೆಯ ಹೊಸ ಗುರ್ನಾ ಊರು ಕಟ್ಟಿದರು. ಮರದ ಆಸರೆ ಇಲ್ಲದೆ ಕಮಾನು ಎಬ್ಬಿಸೋ ನೂಬಿಯಾದ ಮೇಸ್ತ್ರಿಗಳನ್ನ ಹುಡುಕಿ ತಂದರು. ಅದ್ಭುತ ಊರು. ಆದರೆ ಯಾರಿಗಾಗಿ ಕಟ್ಟಿದರೋ ಆ ಜನರಲ್ಲಿ ಹೆಚ್ಚಿನವರು ಹೋಗಲಿಲ್ಲ. ಅವರ ಹೊಟ್ಟೆಪಾಡು ಹಳೆ ಊರಿನಲ್ಲಿತ್ತು, ಅದನ್ನ ಬಿಟ್ಟು ಬನ್ನಿ ಅಂತ ಸರ್ಕಾರ ಹೇಳಿತ್ತು. ಮಣ್ಣು ಒಳ್ಳೇದಾದರೆ ಸಾಲದು, ಕೇಳಿ ಕಟ್ಟಬೇಕು.

ಕೇಳದೆ ಕೆಡವಿದರೆ ಏನಾಗುತ್ತೆ ಅನ್ನೋದಕ್ಕೆ ರುವಾಂಡಾ ಇದೆ. 2010ರ ಆಸುಪಾಸಿನಲ್ಲಿ ಅಲ್ಲಿನ ಸರ್ಕಾರ ಹುಲ್ಲಿನ ಮನೆಗಳನ್ನ ಪೂರ್ತಿ ತೆಗೆದುಹಾಕೋ ಕಾರ್ಯಕ್ರಮ ಮಾಡಿತು. ಹೆಸರು "ಬೈ ಬೈ ನ್ಯಾಕಾಟ್ಸಿ". ನ್ಯಾಕಾಟ್ಸಿ ಅಂದ್ರೆ ಹುಲ್ಲು ಮನೆ. ತಗಡಿನ ಸೂರು ಕೊಡ್ತೀವಿ ಅಂದರು, ಲಕ್ಷಾಂತರ ಜನರಿಗೆ ಕೊಟ್ಟರು ಕೂಡ. ಆದರೆ ಎಷ್ಟೋ ಕಡೆ ಹೊಸ ಮನೆ ಸಿದ್ಧವಾಗೋ ಮೊದಲೇ ಹಳೆ ಸೂರು ಕಿತ್ತರು. ಮಳೆಯಲ್ಲಿ ನಿಂತವರಲ್ಲಿ ಬಟ್ವಾ ಜನರೂ ಇದ್ದರು. ಬಟ್ವಾ ಯಾರು ಅಂತ ಕೇಳಿ. ಕಾಡಿನಿಂದ ಹೊರಬಿದ್ದ ಜನ, ಮಡಕೆ ಮಾಡೋ ಜನ. ಅಕ್ಕಪಕ್ಕದವರು ಅವರ ಜೊತೆ ಕೂತು ಉಣ್ಣುತ್ತಿರಲಿಲ್ಲ. ಅವರು ಕುಡಿದ ಪಾತ್ರೆಯಲ್ಲಿ ಕುಡಿಯುತ್ತಿರಲಿಲ್ಲ. ಅವರು ಮಾಡಿದ ಮಡಕೆ ಮಾತ್ರ ಎಲ್ಲರ ಮನೆ ಒಲೆ ಮೇಲೂ ಇತ್ತು. ಇದನ್ನ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಗುಡಿಸಲು ಮುಕ್ತ ಅನ್ನೋ ಘೋಷಣೆ ನಮ್ಮಲ್ಲೂ ಬಂದಿದೆ, ಬರ್ತಾ ಇರುತ್ತೆ. ಘೋಷಣೆ ತಪ್ಪಲ್ಲ. ಆದರೆ ಪ್ರತಿ ಸಲ ಕೇಳಬೇಕಾದ ಪ್ರಶ್ನೆ: ಗುಡಿಸಲು ಮೊದಲು ಹೋಗುತ್ತಾ, ಮನೆ ಮೊದಲು ಬರುತ್ತಾ? ಜಾಗದ ಹಕ್ಕುಪತ್ರ ಯಾರ ಹೆಸರಲ್ಲಿ? ಸಿಯೆರಾ ಲಿಯೋನ್ ಜನ ಚಾಲ್ಮರ್ಸ್ ಮುಂದೆ ಕೇಳಿದ್ದೂ ಇದನ್ನೇ, ನಾನು ಕಟ್ಟಿದ ಮನೆ ನನ್ನದೋ ಅಲ್ಲವೋ ಅಂತ.

ಕೊನೆಗೆ ಒಂದು ಒಳ್ಳೆ ಸುದ್ದಿ ಹೇಳ್ತೀನಿ. ಬುರ್ಕಿನಾ ಫಾಸೋದ ಗಾಂಡೋ ಅನ್ನೋ ಹಳ್ಳಿಯಲ್ಲಿ 1965ರಲ್ಲಿ ಫ್ರಾನ್ಸಿಸ್ ಕೇರೆ ಹುಟ್ಟಿದ. ಊರಲ್ಲಿ ಶಾಲೆ ಇರಲಿಲ್ಲ, ಏಳನೇ ವಯಸ್ಸಿಗೆ ಮನೆ ಬಿಟ್ಟು ಪಟ್ಟಣಕ್ಕೆ ಓದೋಕೆ ಹೋದ. ಬಡಗಿ ಕೆಲಸ ಕಲಿತು, ವಿದ್ಯಾರ್ಥಿವೇತನ ಸಿಕ್ಕಿ ಜರ್ಮನಿಗೆ ಹೋಗಿ ವಾಸ್ತುಶಿಲ್ಪ ಓದಿದ. ಓದ್ತಾ ಇರುವಾಗಲೇ ದುಡ್ಡು ಕೂಡಿಸಿ ತನ್ನೂರಿಗೆ ಶಾಲೆ ಕಟ್ಟೋಕೆ ಬಂದ. ಮಣ್ಣಿನಲ್ಲಿ ಕಟ್ಟೋಣ ಅಂದಾಗ ಊರವರು ಒಪ್ಪಲಿಲ್ಲ. ಜರ್ಮನಿಗೆ ಹೋಗಿ ಇದನ್ನ ಕಲಿತು ಬಂದ್ಯಾ, ಮಣ್ಣು ಮಳೆಗೆ ನಿಲ್ಲಲ್ಲ ಅಂದರು. ಅವರ ಅನುಮಾನ ನ್ಯಾಯವಾದದ್ದೇ. ಅವನು ಭಾಷಣ ಮಾಡಲಿಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಇಟ್ಟಿಗೆ ಒತ್ತಿಸಿ ತೋರಿಸಿದ. ಗೋಡೆಯ ಮೇಲೆ ಇಟ್ಟಿಗೆಯ ಒಳಚಾವಣಿ, ಅದರ ಮೇಲೆ ಅಂತರ ಬಿಟ್ಟು ಕಬ್ಬಿಣದ ಸರಳುಗಳ ಮೇಲೆ ಅಗಲವಾದ ತಗಡು. ಬಿಸಿ ಗಾಳಿ ಆ ಸಂದಿಯಿಂದ ಹೋಗುತ್ತೆ, ಮಳೆ ಗೋಡೆಗೆ ತಾಗಲ್ಲ. ತಗಡಿನ ಬಾಳಿಕೆಯೂ ಸಿಕ್ತು, ಮಣ್ಣಿನ ತಂಪೂ ಸಿಕ್ತು. ಊರಿನ ಗಂಡಸರು ಇಟ್ಟಿಗೆ ಮಾಡಿದರು, ಹೆಂಗಸರು ನೀರು ಹೊತ್ತರು, ನೆಲ ಬಡಿದರು, ಮಕ್ಕಳು ಕಲ್ಲು ಆರಿಸಿ ತಂದರು. 2001ರಲ್ಲಿ ಶಾಲೆ ಮುಗೀತು. 2004ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೇರೆಗೆ ಪ್ರಿಟ್ಜ್‌ಕರ್ ಪ್ರಶಸ್ತಿ. ವಾಸ್ತುಶಿಲ್ಪದ ನೊಬೆಲ್ ಅಂತಾರಲ್ಲ ಅದು. ಆಫ್ರಿಕಾದವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಶಾಲೆ ಇಲ್ಲದ ಊರಿನ ಹುಡುಗ ಮೊದಲು ಕಟ್ಟಿದ್ದು ಶಾಲೆ ಅನ್ನೋದನ್ನ ಮರೀಬೇಡಿ. ಶಿಕ್ಷಣ ಮೊದಲು ಅಂತ ನಮಗೂ ಒಬ್ಬರು ಹೇಳಿಹೋಗಿದ್ದಾರೆ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಕಾಡಿನ ಅಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರಲ್ಲಿ ಎಷ್ಟೋ ಜನರನ್ನ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದು, ಬಹಳ ಮಂದಿ ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿದ್ದು. ಅವರನ್ನ ಪರಿಶಿಷ್ಟ ಪಂಗಡ ಅಂತ ಒಪ್ಪೋಕೆ 2003ರವರೆಗೆ ಕಾಯಬೇಕಾಯ್ತು. ಇವತ್ತೂ ಪೇಟೆಯಲ್ಲಿ ಅವರನ್ನ ಯಾವ ದೇಶದವರು ನೀವು ಅಂತ ಕೇಳೋರಿದ್ದಾರೆ, ಅವರು ಅಚ್ಚ ಕನ್ನಡದಲ್ಲಿ ಉತ್ತರ ಕೊಡ್ತಾರೆ. ಆಫ್ರಿಕಾ ನಮಗೆ ಅಷ್ಟು ದೂರ ಏನಲ್ಲ.

ನನ್ನ ಮಾತು ಇಷ್ಟೇ. ಮಣ್ಣಿನ ಮನೆ ಕಟ್ಟೋನೂ ಸಿಮೆಂಟಿನ ಮನೆ ಕಟ್ಟೋನೂ ತನ್ನಿಷ್ಟದಿಂದ ಕಟ್ಟಬೇಕು, ತನ್ನ ಹೆಸರಿನ ಜಾಗದಲ್ಲಿ ಕಟ್ಟಬೇಕು. ಯಾವನೋ ನಿನಗೆ ಹುಲ್ಲೇ ಗತಿ ಅಂದದ್ದೂ ತಪ್ಪು, ಹುಲ್ಲು ಅಸಹ್ಯ ಅಂತ ಕೇಳದೆ ಕಿತ್ತದ್ದೂ ತಪ್ಪು. ಗುಡಿಸಲಲ್ಲಿ ಹುಟ್ಟಿದವನು ಅಂತ ಯಾರಾದ್ರೂ ನಿಮ್ಮನ್ನ ಹಂಗಿಸಿದರೆ ತಲೆ ತಗ್ಗಿಸಬೇಡಿ. ಅದನ್ನ ಕಟ್ಟಿದವರಿಗೆ ಲೆಕ್ಕ ಗೊತ್ತಿತ್ತು, ಮಣ್ಣಿನ ಹದ ಗೊತ್ತಿತ್ತು ಅಂತ ಹೇಳಿ.

ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಇವತ್ತೇ ಕೂತು ಕೇಳಿ: ಮೊದಲ ಮನೆ ಯಾವುದರಿಂದ ಕಟ್ಟಿದ್ರಿ, ಮಣ್ಣು ಎಲ್ಲಿಂದ ತಂದ್ರಿ, ಹುಲ್ಲು ಯಾವುದು, ಯಾರ್ಯಾರು ಕೈ ಹಾಕಿದ್ರು, ಹೆಂಚು ಯಾವ ವರ್ಷ ಬಂತು, ಬಂದಾಗ ಊರವರು ಏನಂದ್ರು. ಬರೆದಿಡಿ. ಹೆಂಗಸರ ಹೆಸರು ಬಿಡಬೇಡಿ. ನಾವು ಬರೆಯದಿದ್ದರೆ ನಾಳೆ ಯಾರೋ ಬಂದು ಅದನ್ನೂ ಕಸ ಅಂತ ಗುಡಿಸಿಬಿಡ್ತಾರೆ.

ಜೈ ಭೀಮ್.